ಅಟ್ಟದಿಂದ ಇಳಿಸಿದ ಬೇರ್ ಗ್ರಿಝ್ಲಿ: ಹಳೇ ರಿಕರ್ವ್ ಬಿಲ್ಲಿನ ರಿಪೇರಿ ಮತ್ತು ಟ್ಯೂನಿಂಗ್

ಬಿಲ್ಲು ಬೇರ್ ಕಂಪನಿಯದು, ಮಾಡೆಲ್ ಗ್ರಿಝ್ಲಿ. ಒಂದೇ ತುಂಡಿನ ರಿಕರ್ವ್ (ತುದಿಗಳು ಮುಂದಕ್ಕೆ ಬಾಗಿದ ಬಿಲ್ಲು), ಬಿಚ್ಚಿ ಜೋಡಿಸುವಂಥದ್ದಲ್ಲ. ಲಿಂಬ್ (ಹಿಡಿಯ ಮೇಲೆ-ಕೆಳಗೆ ಬಾಗುವ ತೋಳು) ಒಳಗೆ ಮೇಪಲ್ ಮರದ ಪಟ್ಟಿ, ಎರಡೂ ಬದಿಗೆ ಫೈಬರ್‌ಗ್ಲಾಸ್. ಹಿಡಿಯ ಪಕ್ಕ ಇಂಕಿನಲ್ಲಿ ಕೈಯಿಂದ ಬರೆದಿದ್ದಾರೆ: 58 ಇಂಚು, 45 ಪೌಂಡ್ (ಎಳೆಯೋಕೆ ಬೇಕಾದ ಬಲ). ಊರಿನ ಹೆಸರು ಗ್ರೇಲಿಂಗ್, ಮಿಚಿಗನ್ ಅಂತಿದೆ. ಬೇರ್ ಫ್ಯಾಕ್ಟರಿ 1978ರಲ್ಲಿ ಅಲ್ಲಿಂದ ಫ್ಲಾರಿಡಾದ ಗೇನ್ಸ್‌ವಿಲ್‌ಗೆ ಹೋಯಿತು, ಹಾಗಾಗಿ ಇದು ಅದಕ್ಕಿಂತ ಹಿಂದಿನದು.

ನಮ್ಮ ಕಾಕಾ ಅಮೆರಿಕಾದಲ್ಲಿ ಓದುವಾಗ ಕೊಂಡದ್ದು. ವಾಪಸ್ ಬಂದ ಮೇಲೆ ಕಲಬುರಗಿಯ ಹಳೇ ಮನೆಯ ಅಟ್ಟದಲ್ಲಿ ಧೋತರ ಸುತ್ತಿ ಮಲಗಿಸಿಟ್ಟಿದ್ದರು. ಅದು ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆಯ ಮನೆ. ಮೇ ತಿಂಗಳಲ್ಲೂ ಒಳಗೆ ತಂಪು. ಇದೇ ಬಿಲ್ಲು ಆರ್‌ಸಿಸಿ ಮನೆಯ ಮೇಲಿನ ರೂಮಲ್ಲಿ ಇಷ್ಟು ವರ್ಷ ಬೆಂದಿದ್ದರೆ ಅಂಟು ಬಿಟ್ಟು ಪದರ ಪದರವಾಗಿ ಎದ್ದಿರುತ್ತಿತ್ತು. ಗೋಡೆಗೆ ಒರಗಿಸಿಟ್ಟಿದ್ದರೂ ಕಷ್ಟವೇ, ಪೂರ್ತಿ ಭಾರ ಕೆಳಗಿನ ತುದಿ ಮೇಲೆ ಬಿದ್ದು ಲಿಂಬ್ ತಿರುಚಿಕೊಳ್ಳುತ್ತದೆ.

ಶುರು ಮಾಡುವ ಮೊದಲು ಒಂದು ಮಾತು. ಈಗಿನ ಒಲಿಂಪಿಕ್ ಬಿಲ್ಲುಗಳಲ್ಲಿ ತಿರುಗಿಸೋದಕ್ಕೆ ಬೇಕಾದಷ್ಟು ಇರುತ್ತದೆ. ಲಿಂಬ್ ಬೋಲ್ಟ್, ಸೈಟ್, ಪ್ಲಂಜರ್ ಬಟನ್, ಸ್ಟೆಬಿಲೈಸರ್. ಈ ಬಿಲ್ಲಿನಲ್ಲಿ ತಿರುಗಿಸೋಕೆ ಒಂದು ಸ್ಕ್ರೂ ಕೂಡ ಇಲ್ಲ. ಹೆದೆ ಬದಲಿಸಬಹುದು, ಬಾಣ ಬದಲಿಸಬಹುದು, ಬಾಣ ಕೂರುವ ಜಾಗಕ್ಕೆ ಒಂದಿಷ್ಟು ಬಟ್ಟೆ-ಚರ್ಮ ಅಂಟಿಸಬಹುದು. ಅಷ್ಟೇ. ಬಿಲ್ಲನ್ನು ನಮಗೆ ತಕ್ಕಂತೆ ಮಾಡೋದು ಆಗಲ್ಲ, ಉಳಿದದ್ದನ್ನೆಲ್ಲ ಬಿಲ್ಲಿಗೆ ತಕ್ಕಂತೆ ಮಾಡಬೇಕು. ಉಜ್ಜುಕಾಗದ ತಗೊಂಡು ಹೊಳಪು ಬರಿಸೋಕೆ ಹೊರಡುವವರನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ. ಹಳೇ ವಾರ್ನಿಶ್ ಜೊತೆ ಕಂಪನಿಯ ಅಕ್ಷರವೂ ಹೋಗುತ್ತದೆ, ಕೈ ಜಾರಿದರೆ ಗ್ಲಾಸ್ ಕೂಡ ಸವೆಯುತ್ತದೆ. ನಾನು ಮಾಡಿದ್ದು ಇಷ್ಟೇ: ಸೋಪಿನ ನೀರಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಒರೆಸಿ, ಒಣಗಿಸಿ, ಫರ್ನಿಚರ್‌ಗೆ ಹಚ್ಚುವ ಮೇಣದ ಪಾಲಿಶ್ ತೆಳ್ಳಗೆ ಹಚ್ಚಿದೆ.

ಮೊದಲು ತಪಾಸಣೆ

ಹೆದೆ ಏರಿಸುವ ಆಸೆ ಎಷ್ಟೇ ಇರಲಿ, ಅದಕ್ಕೆ ಮೊದಲು ಲಿಂಬ್ ನೋಡಬೇಕು. ಇದಕ್ಕೆ ಹತ್ತಿಯಷ್ಟು ಒಳ್ಳೆಯ ಉಪಕರಣ ಇಲ್ಲ. ಮೆಡಿಕಲ್ ಶಾಪಿನ ಹತ್ತಿ ಆಗುತ್ತದೆ. ನನಗೆ ಶಹಾಪುರದ ಕಡೆಯ ನೆಂಟರ ಹೊಲದ ಹತ್ತಿ ಸಿಕ್ಕಿತು, ಬೀಜ ತೆಗೆದು ಸ್ವಲ್ಪ ಹಿಂಜಿಕೊಂಡೆ. ಎಳೆ ಉದ್ದ ಇರುವುದರಿಂದ ಇದು ಇನ್ನೂ ಚೆನ್ನಾಗಿ ಸಿಕ್ಕಿಕೊಳ್ಳುತ್ತದೆ. ಹಿಡಿಯಿಂದ ತುದಿಯವರೆಗೆ ಎರಡೂ ಅಂಚಿನ ಮೇಲೆ, ಎರಡೂ ಮುಖದ ಮೇಲೆ ಹಗುರವಾಗಿ ಹತ್ತಿ ಎಳೆಯಿರಿ. ಎಲ್ಲಾದರೂ ಗ್ಲಾಸ್ ಸಿಬಿರು ಎದ್ದಿದ್ದರೆ ಅಲ್ಲಿ ಒಂದು ಎಳೆ ಸಿಕ್ಕಿ ನಿಲ್ಲುತ್ತದೆ. ಬರೀ ಬೆರಳಲ್ಲಿ ಸವರಬೇಡಿ, ಗ್ಲಾಸ್ ಸಿಬಿರು ಚುಚ್ಚಿಕೊಂಡರೆ ಕಣ್ಣಿಗೆ ಕಾಣಲ್ಲ, ಉರಿ ಮಾತ್ರ ಹೋಗಲ್ಲ.

ಮೇಲಿನ ಲಿಂಬ್‌ನಲ್ಲಿ ಕೂದಲೆಳೆಯಷ್ಟು ಸಣ್ಣ ಗೆರೆಗಳು ಕಂಡವು. ಹಳೇ ಬೇರ್ ಬಿಲ್ಲುಗಳಲ್ಲಿ ಇದು ಸಾಮಾನ್ಯ. ಉಗುರು ಎಳೆದು ನೋಡಿದೆ, ಎಲ್ಲೂ ತಡೆಯಲಿಲ್ಲ. ಅಂದರೆ ಗೆರೆ ಬಿದ್ದಿರೋದು ವಾರ್ನಿಶ್‌ನಲ್ಲಿ, ಗ್ಲಾಸ್‌ನಲ್ಲಲ್ಲ. ಉಗುರು ತಡೆದರೆ, ಅಥವಾ ಮರ ಮತ್ತು ಗ್ಲಾಸ್ ಸೇರುವ ಅಂಚಿನಲ್ಲಿ ಬಿಳಿ ಗೆರೆ ಕಂಡರೆ ಅಲ್ಲಿಗೇ ನಿಲ್ಲಿಸಿ, ಅಂಥ ಬಿಲ್ಲು ಗೋಡೆಗೆ ಚೆಂದ. 45 ಪೌಂಡ್ ಎಳೆದಾಗ ಮುಖದ ಪಕ್ಕದಲ್ಲೇ ಒಡೆಯುವ ವಸ್ತು ಅದು.

ತುದಿಗಳನ್ನು ಬ್ಯಾಟರಿ ಬೆಳಕಿನಲ್ಲಿ ನೋಡಿದೆ. ಹೆದೆ ಕೂರುವ ಗಾಡಿ (ಸಣ್ಣ ತೋಡು) ನುಣುಪಾಗಿತ್ತು. ಅಲ್ಲಿ ಚೂಪು ಅಂಚು ಇದ್ದರೆ ಹೆದೆ ಸವೆದು ಹೋಗುತ್ತದೆ.

ಹೆದೆ ಏರಿಸುವ ಹಗ್ಗ

ಕಾಲು ಅಡ್ಡ ಹಾಕಿ, ತೊಡೆಗೆ ಬಿಲ್ಲು ಒತ್ತಿ ಬಗ್ಗಿಸಿ ಹೆದೆ ಏರಿಸೋದನ್ನು ಸಿನಿಮಾದಲ್ಲಿ ನೋಡಿರುತ್ತೀರಿ. ರಿಕರ್ವ್‌ಗೆ ಅದು ಬೇಡ. ಲಿಂಬ್ ತಿರುಚಿಕೊಳ್ಳೋದು ಮುಕ್ಕಾಲು ಪಾಲು ಅಲ್ಲೇ. ಸ್ಟ್ರಿಂಗರ್ ಬೇಕು. ಗಟ್ಟಿ ನೈಲಾನ್ ಹಗ್ಗ, ಎರಡು ತುದಿಗೆ ಚರ್ಮದ ಚೀಲ, ಒಂದು ದೊಡ್ಡದು, ಇನ್ನೊಂದು ಸಣ್ಣದು. ಬಸ್ ಸ್ಟ್ಯಾಂಡ್ ಹತ್ತಿರ ಕೂರುವ ಮೋಚಿ ಒಬ್ಬರ ಮುಂದೆ ಬಿಲ್ಲಿನ ತುದಿ ಹಿಡಿದು ತೋರಿಸಿದೆ. ಅವರು ಅಳತೆ ಟೇಪ್ ಮುಟ್ಟಲೇ ಇಲ್ಲ, ಹೆಬ್ಬೆರಳಲ್ಲಿ ತುದಿ ಸವರಿ ಅಳತೆ ತಗೊಂಡರು.

"ಎಷ್ಟು ಜಗ್ಗತೀರಿ ಇದನ್ನ?"

"ಇಪ್ಪತ್ತು ಕೆಜಿ, ಕಾಕಾ."

"ಹಂಗಾರ ಎರಡು ಹೊಲಿಗಿ ಬೇಕ್ರಿ," ಅಂದು ಮೇಣ ಹಚ್ಚಿದ ದಾರದಲ್ಲಿ ಜೋಡಿ ಹೊಲಿಗೆ ಹಾಕಿ ಕೊಟ್ಟರು. ಉಳಿದ ತುಂಡು ಚರ್ಮದಲ್ಲಿ ಬೆರಳಿಗೆ ಹಾಕುವ ಟ್ಯಾಬ್, ಮುಂಗೈಗೆ ಪಟ್ಟಿ, ಎರಡೂ ಆದವು.

ದೊಡ್ಡ ಚೀಲ ಕೆಳಗಿನ ತುದಿಗೆ, ಸಣ್ಣದು ಮೇಲಿನ ತುದಿಗೆ. ಹಗ್ಗವನ್ನು ಪಾದದಿಂದ ತುಳಿದು ಹಿಡಿ ಹಿಡಿದು ನೇರ ಮೇಲಕ್ಕೆ ಎತ್ತಿದರೆ ಎರಡೂ ಲಿಂಬ್ ಸಮವಾಗಿ ಬಾಗುತ್ತವೆ, ಆಗ ಹೆದೆಯ ಮೇಲಿನ ಕುಣಿಕೆ ಜಾರಿಸಿ ಗಾಡಿಗೆ ಕೂರಿಸೋದು. ಮುಖ ಬಿಲ್ಲಿನ ಮೇಲೆ ಬಗ್ಗಿಸಬೇಡಿ. ಶಹಾಬಾದಿ ಫರ್ಸಿ ಮೇಲೆ ನಿಂತು ಮಾಡಬೇಡಿ, ಹಗ್ಗ ಜಾರುತ್ತದೆ. ಕೆಳಗೆ ಒಂದು ಚಾಪೆ ಹಾಸಿಕೊಳ್ಳಿ.

ಹೆದೆ

ನಿಜವಾದ ಕೆಲಸ ಇಲ್ಲಿದೆ. ಹಳೇ ಹೆದೆ ಮುಟ್ಟಿದರೆ ಪುಡಿ ಉದುರುತ್ತಿತ್ತು, ಎಸೆದೆ. ಹೊಸದಕ್ಕೆ ಡಾಕ್ರಾನ್ ನೂಲೇ ಬೇಕು, ಬಿ-50 ಅಥವಾ ಬಿ-55. ಈಗ ಅಂಗಡಿಯಲ್ಲಿ ಜಾಸ್ತಿ ಸಿಗೋದು ಫಾಸ್ಟ್ ಫ್ಲೈಟ್ ಜಾತಿಯ ನೂಲು. ಅದು ಹಿಗ್ಗಲ್ಲ, ಬಾಣ ಜೋರಾಗಿ ಹೋಗುತ್ತದೆ, ಆದರೆ ಹೆದೆ ಬಂದು ನಿಲ್ಲುವಾಗಿನ ಪೆಟ್ಟು ಪೂರ್ತಿ ಲಿಂಬ್ ತುದಿಗೆ ಬೀಳುತ್ತದೆ. ಈ ಕಾಲದ ಬಿಲ್ಲುಗಳ ತುದಿಗೆ ಅಷ್ಟು ಬಲ ಕೊಟ್ಟಿರೋದಿಲ್ಲ, ಗಾಡಿಯ ಹತ್ತಿರ ಸೀಳುತ್ತದೆ. ಡಾಕ್ರಾನ್ ಸ್ವಲ್ಪ ಹಿಗ್ಗಿ ಆ ಪೆಟ್ಟನ್ನು ತಾನೇ ನುಂಗುತ್ತದೆ. ಸೆಕೆಂಡಿಗೆ ಕೆಲವು ಅಡಿ ವೇಗ ಕಡಿಮೆ ಆದರೆ ಆಗಲಿ.

45 ಪೌಂಡ್‌ಗೆ 14 ಎಳೆ. ಫ್ಲೆಮಿಶ್ ವಿಧಾನದಲ್ಲಿ ಮಾಡೋಣ ಅಂದುಕೊಂಡೆ. ಏಳೇಳು ಎಳೆಯ ಎರಡು ಕಟ್ಟು, ಒಂದೊಂದು ಎಳೆಯೂ ಬಿಲ್ಲಿಗಿಂತ ಒಂದೂವರೆ ಅಡಿ ಉದ್ದ. ತುದಿಗಳನ್ನು ಒಂದೇ ಅಳತೆಗೆ ಕತ್ತರಿಸದೆ ಹಂತ ಹಂತವಾಗಿ ಬಿಡಬೇಕು, ಇಲ್ಲದಿದ್ದರೆ ಹೆಣೆದ ಜಾಗ ಮುಗಿಯುವಲ್ಲಿ ಒಮ್ಮೆಗೇ ತೆಳ್ಳಗಾಗಿ ಅಲ್ಲಿ ಹೆದೆ ದುರ್ಬಲವಾಗುತ್ತದೆ. ಜೇನುಮೇಣ ಚೆನ್ನಾಗಿ ತಿಕ್ಕಿ, ಒಂದು ಕಟ್ಟನ್ನು ಹೊರಗಡೆಗೆ ಹೊಸೆದು ಇನ್ನೊಂದರ ಮೇಲೆ ಒಳಗಡೆಗೆ ಹಾಕೋದು, ಆಮೇಲೆ ಇನ್ನೊಂದನ್ನು ಹಾಗೆಯೇ.

ಇದನ್ನು ನಾನು ಹೊಲದ ಮನೆಯ ಕಟ್ಟೆ ಮೇಲೆ ಕೂತು ಮೊಬೈಲ್ ನೋಡಿಕೊಂಡು ಮಾಡುತ್ತಿದ್ದಾಗ ಮುತ್ತ್ಯಾ ಬಂದು ನಿಂತರು. ಪುಂಡಿ ನಾರಿನಲ್ಲಿ ಎತ್ತಿನ ಹಗ್ಗ ಹೊಸೆದು ವಯಸ್ಸಾದ ಕೈ ಅವರದು. ಸ್ವಲ್ಪ ಹೊತ್ತು ನೋಡಿ, "ತಮ್ಮಾ, ಇದು ಹಗ್ಗಾನೇ ಅದಲ್ಲೋ, ಅದಕ್ಯಾಕ ಮೊಬೈಲು?" ಅಂದು ನೂಲು ಕಿತ್ತುಕೊಂಡರು. ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಒಂದು ಹುರಿ, ಮಣಿಕಟ್ಟು ಒಂದು ತಿರುವು, ಮತ್ತೆ ಹುರಿ. ಅಂಗುಲ ಅಂಗುಲಕ್ಕೂ ಒಂದೇ ಬಿಗಿ. ಕುಣಿಕೆ ಮಡಚಿ ಬಾಲದ ಎಳೆಗಳನ್ನು ಮೈ ಎಳೆಗಳ ಜೊತೆ ಸೇರಿಸುವಲ್ಲಿ ಮಾತ್ರ ನಾನು ಬಾಯಿ ಹಾಕಿದೆ: ಒಂದು ಬಣ್ಣದ ಬಾಲ ಅದೇ ಬಣ್ಣದ ಕಟ್ಟಿಗೆ ಸೇರಬೇಕು. ನಾನು ಕಪ್ಪು ಮತ್ತು ಕಂದು ಎರಡು ಬಣ್ಣ ತಗೊಂಡಿದ್ದು ಅದಕ್ಕೇ, ಗೊಂದಲ ಆಗಲ್ಲ. ಮೇಲಿನ ಕುಣಿಕೆ ದೊಡ್ಡದು, ಕೆಳಗಿನದು ಸಣ್ಣದು. 58 ಇಂಚಿನ ಬಿಲ್ಲಿಗೆ ಹೆದೆಯ ಉದ್ದ ಸುಮಾರು 54 ಇಂಚು ಬರಬೇಕು, ಹುರಿ ಹಾಕಿ ಬಿಚ್ಚಿ ಸರಿ ಮಾಡಿಕೊಳ್ಳೋಕೆ ಜಾಗ ಇರುತ್ತದೆ.

ನಡುವೆ ಬಾಣ ಸಿಕ್ಕಿಸುವ ಜಾಗಕ್ಕೆ ನೈಲಾನ್ ದಾರ ಬಿಗಿಯಾಗಿ ಸುತ್ತಬೇಕು. ಎಷ್ಟು ದಪ್ಪ? ಬಾಣದ ನಾಕ್ (ಹಿಂತುದಿಯ ಸೀಳು) ಸಿಕ್ಕಿಸಿ ಬಾಣವನ್ನು ನೆಲದ ಕಡೆಗೆ ಜೋತುಬಿಡಿ. ತಾನಾಗಿ ಬೀಳಬಾರದು, ಹೆದೆಗೆ ಬೆರಳಲ್ಲಿ ಮೆಲ್ಲಗೆ ಬಡಿದರೆ ಬೀಳಬೇಕು. ಸಡಿಲ ಇದ್ದು ನಾಕ್ ಕಳಚಿಕೊಂಡರೆ ಬಾಣವಿಲ್ಲದೆ ಹೆದೆ ಬಿಟ್ಟ ಹಾಗೆ ಆಗುತ್ತದೆ. ಅದೊಂದನ್ನು ಯಾವ ಬಿಲ್ಲಿಗೂ ಮಾಡಬಾರದು. ನೋಡೋಕೆ ಬಂದವರೆಲ್ಲ ಮೊದಲು ಮಾಡೋದು ಅದನ್ನೇ, ಸುಮ್ನೆ ಎಳೆದು ಬಿಡೋದು! ಬಾಣಕ್ಕೆ ಹೋಗಬೇಕಾದ ಶಕ್ತಿಯೆಲ್ಲ ಲಿಂಬ್‌ಗೇ ವಾಪಸ್ ಹೋಗುತ್ತದೆ. ಹಾಗಾಗಿ ನೆಂಟರ ಕೈಗೆ ಕೊಡುವಾಗ ಹೆದೆ ಇಳಿಸಿಯೇ ಕೊಡುತ್ತೇನೆ.

ಹೆದೆ ಏರಿಸಿ ಹಿಂದಿನಿಂದ ನೋಡಿದಾಗ ಕೆಳಗಿನ ಲಿಂಬ್‌ನಲ್ಲಿ ಸ್ವಲ್ಪ ತಿರುವು ಕಂಡಿತು, ಹೆದೆ ಲಿಂಬ್‌ನ ನಡುವೆ ಬರದೆ ಎಡಕ್ಕೆ ಸರಿದಿತ್ತು. ಇಳಿಸಿ, ಹೇರ್ ಡ್ರೈಯರ್‌ನಿಂದ ಕೈ ತಾಳುವಷ್ಟು ಬಿಸಿ ಮಾಡಿ, ಎದುರು ದಿಕ್ಕಿಗೆ ಬೇಕಾದ್ದಕ್ಕಿಂತ ಒಂದು ಚೂರು ಜಾಸ್ತಿ ತಿರುಚಿ ಆರುವವರೆಗೆ ಹಿಡಿದುಕೊಂಡೆ. ಇದನ್ನು ಒಂದೇ ಸಲಕ್ಕೆ ಮುಗಿಸುವ ಅವಸರ ಬೇಡ. ಕೈ ಇಡೋಕಾಗದಷ್ಟು ಬಿಸಿ ಮಾಡಿದರೆ ತಿರುವು ಹೋಗುವ ಬದಲು ಅಂಟು ಹೋಗುತ್ತದೆ.

ಸದ್ದು ಕೇಳಿ ಬ್ರೇಸ್ ಹೈಟ್

ಹಿಡಿಯ ಅತೀ ಆಳದ ಜಾಗದಿಂದ ಹೆದೆಯವರೆಗಿನ ಅಂತರವೇ ಬ್ರೇಸ್ ಹೈಟ್. ಇಂಥ ಬಿಲ್ಲಿಗೆ ಏಳೂವರೆಯಿಂದ ಎಂಟೂಕಾಲು ಇಂಚಿನ ಒಳಗೆ ಎಲ್ಲೋ ಒಂದು ಕಡೆ ಸರಿ ಬರುತ್ತದೆ. ಹೆದೆಗೆ ಹುರಿ ಜಾಸ್ತಿ ಹಾಕಿದರೆ ಅದು ಗಿಡ್ಡ ಆಗುತ್ತದೆ, ಅಂತರ ಏರುತ್ತದೆ. ಬಿಚ್ಚಿದರೆ ಇಳಿಯುತ್ತದೆ. ಏಳೂವರೆಯಲ್ಲಿ ಶುರು ಮಾಡಿದೆ. ಬಾಣ ಬಿಟ್ಟಾಗಲೆಲ್ಲ ಟಣ್ ಅಂತ ಸದ್ದು, ಮೊಣಕೈವರೆಗೆ ನಡುಕ. ಪ್ರತಿ ಸಲ ಮೂರ್ನಾಲ್ಕು ಹುರಿ ಹಾಕುತ್ತಾ ಹೋದೆ. ಎಂಟು ಇಂಚಿನ ಹತ್ತಿರ ಬಂದಾಗ ಆ ಲೋಹದ ಸದ್ದು ಹೋಗಿ ಧಪ್ ಅನ್ನುವ ಮೆತ್ತನೆ ಸದ್ದು ಉಳಿಯಿತು. ಅದನ್ನು ದಾಟಿ ಏರಿಸಿದರೆ ಮತ್ತೆ ಗಡಸಾಯಿತು, ವಾಪಸ್ ಬಂದೆ. ಹೊಸ ಡಾಕ್ರಾನ್ ಮೊದಮೊದಲು ಹಿಗ್ಗುತ್ತಲೇ ಇರುತ್ತದೆ, ಆದ್ದರಿಂದ ಪ್ರತಿ ಸಲ ಅಳೆದು ನೋಡಿ. ಹೆದೆಯಲ್ಲಿ ಸುಮಾರು ಇಪ್ಪತ್ತು ಹುರಿಯಾದರೂ ಇರಲಿ, ಇಲ್ಲದಿದ್ದರೆ ಕುಣಿಕೆ ಬಿಚ್ಚಿಕೊಳ್ಳುವ ಭಯ.

ಉಳಿದ ಸದ್ದಿಗೆ ಕಂಬಳಿ ನೇಯುವವರ ಹತ್ತಿರ ಕೇಳಿ ತಂದ ಕುರಿ ಉಣ್ಣೆ. ಹೆದೆಯ ಎಳೆಗಳ ನಡುವೆ ಸಿಕ್ಕಿಸಿದ ಎರಡು ಕರಿ ಉಂಡೆ, ಒಂದು ಮೇಲಿನ ತುದಿಯಿಂದ ಹೆದೆಯ ಕಾಲು ಭಾಗದಲ್ಲಿ, ಇನ್ನೊಂದು ಕೆಳಗಿನಿಂದ ಮೂರನೇ ಒಂದು ಭಾಗದಲ್ಲಿ. ಎರಡೂ ಒಂದೇ ದೂರದಲ್ಲಿ ಇರದಿದ್ದರೆ ಕಂಪನ ಬೇಗ ಸಾಯುತ್ತದೆ.

ಬಾಣ ಕೂರುವ ಜಾಗದ, ಅಂದರೆ ಶೆಲ್ಫಿನ, ಹಳೇ ರೋಮದ ಪಟ್ಟಿ ಬೋಳಾಗಿತ್ತು. ಅದರ ಬದಲು ವೆಲ್ಕ್ರೋದ ಮೆತ್ತನೆ ಬದಿ ಅಂಟಿಸಿದೆ, ಬ್ಯಾಗ್ ರಿಪೇರಿ ಅಂಗಡಿಯಲ್ಲಿ ಸಿಗುತ್ತದೆ. ಪಕ್ಕದ ಗೋಡೆಗೆ ತೆಳು ಚರ್ಮ. ಇಲ್ಲಿಂದ ಬಿಡುವ ಬಾಣಕ್ಕೆ ಪ್ಲಾಸ್ಟಿಕ್ ರೆಕ್ಕೆ ಆಗಲ್ಲ, ಶೆಲ್ಫಿಗೆ ಬಡಿದು ಬಾಣ ಹಾರಿಬಿಡುತ್ತದೆ. ನಿಜವಾದ ಗರಿಯೇ ಬೇಕು, ಅದು ಮಡಚಿಕೊಂಡು ದಾಟುತ್ತದೆ.

ಬಾಣದ ಲೆಕ್ಕ

ಮೊದಲು ನನ್ನ ಎಳೆತಕ್ಕೆ ನಿಜವಾಗಿ ಎಷ್ಟು ಪೌಂಡ್ ಅಂತ ನೋಡಬೇಕಿತ್ತು. ಬಿಲ್ಲಿನ ಮೇಲೆ ಬರೆದ 45 ಪೌಂಡ್ 28 ಇಂಚು ಎಳೆದಾಗಿನದು, ನಾನು ಎಳೆಯೋದು 27. ರದ್ದಿ ಅಂಗಡಿಯವರ ಹತ್ತಿರ ಇರುವ ತೂಗುಹಾಕುವ ಡಿಜಿಟಲ್ ಕಾಟಾ ಕೊಕ್ಕೆಯನ್ನು ಹೆದೆಗೆ ಸಿಕ್ಕಿಸಿ ಎಳೆದೆ: 27 ಇಂಚಿಗೆ 19.3 ಕೆಜಿ, ಅಂದರೆ ಸುಮಾರು 42.5 ಪೌಂಡ್. ಒಂದು ಇಂಚಿಗೆ ಎರಡೂವರೆಯಿಂದ ಮೂರು ಪೌಂಡ್ ವ್ಯತ್ಯಾಸ ಬರೋದು ಸಾಮಾನ್ಯ. ಇಷ್ಟು ವರ್ಷ ಆದರೂ ಬಿಲ್ಲು ಬಲ ಕಳೆದುಕೊಂಡಿಲ್ಲ ಅಂದ ಹಾಗಾಯಿತು.

ಹಳೇ ಬಿಲ್ಲಿಗೆ ಹಗುರ ಬಾಣ ಹಾಕಬಾರದು. ಪೌಂಡಿಗೆ 9 ಗ್ರೇನ್‌ಗಿಂತ ಕಡಿಮೆ ಬೇಡ, 10 ಇದ್ದರೆ ನೆಮ್ಮದಿ. 45 ಪೌಂಡ್‌ಗೆ 450 ಗ್ರೇನ್, ನಮ್ಮ ಲೆಕ್ಕದಲ್ಲಿ 29 ಗ್ರಾಂ ಚಿಲ್ಲರೆ. ಅಡುಗೆಮನೆ ಕಾಟಾದಲ್ಲಿ ಇದು ಸರಿ ಬರಲ್ಲ. ಪರಿಚಯದ ಸರಾಫ ಅಂಗಡಿಗೆ ಹೋದೆ. ಬಂಗಾರ ತೂಗುವ ಗಾಜಿನ ಪೆಟ್ಟಿಗೆಯೊಳಗೆ ಬಾಣ ಹಿಡಿಸಲಿಲ್ಲ, ಒಂದು ವಾಟಗಾದಲ್ಲಿ ನಿಲ್ಲಿಸಿ ಮೇಲಿನ ಮುಚ್ಚಳ ತೆಗೆದು ತೂಗಿ ಕೊಟ್ಟರು. ಪಕ್ಕದಲ್ಲಿ ಮಂಗಳಸೂತ್ರ ನೋಡುತ್ತಿದ್ದ ಅಕ್ಕನವರ ಮುಖ ನೋಡಬೇಕಿತ್ತು.

ನನ್ನ ಹತ್ತಿರ ಇದ್ದದ್ದು 500 ಸ್ಪೈನ್‌ನ (ಬಾಗುವ ಅಳತೆ) ಕಾರ್ಬನ್ ಬಾಣ, 30 ಇಂಚು ಉದ್ದ, 125 ಗ್ರೇನ್ ಮೊನೆ. 500 ಅಂದರೆ 28 ಇಂಚು ಅಂತರದ ಎರಡು ಆಧಾರದ ಮೇಲಿಟ್ಟು ನಡುವೆ 1.94 ಪೌಂಡ್ ತೂಗುಬಿಟ್ಟರೆ ಅರ್ಧ ಇಂಚು ಬಾಗುತ್ತದೆ ಅಂತ. ಸಂಖ್ಯೆ ದೊಡ್ಡದಾದಷ್ಟು ಬಾಣ ಮೆತ್ತಗೆ. ಈ ಬಾಗೋ ಗುಣ ಯಾಕೆ ಮುಖ್ಯ ಅಂದರೆ, ಬಿಟ್ಟ ತಕ್ಷಣ ಬಾಣ ಹಾವಿನಂತೆ ಬಳುಕಿ ಹಿಡಿಯನ್ನು ಸುತ್ತಿಕೊಂಡು ಹೋಗಬೇಕು. ಗಟ್ಟಿ ಇದ್ದರೆ ಬಳುಕದೆ ಹಿಡಿಗೆ ಒರೆಸಿಕೊಂಡು ಎಡಕ್ಕೆ ಹೋಗುತ್ತದೆ, ಮೆತ್ತಗಿದ್ದರೆ ಬಲಕ್ಕೆ. ಬಲಗೈಯಲ್ಲಿ ಎಳೆಯುವವರ ಲೆಕ್ಕ ಇದು.

ಪರೀಕ್ಷೆಗೆ ಗರಿ ಇಲ್ಲದ ಬೋಳು ಬಾಣ. ಗರಿ ಇದ್ದರೆ ಅದು ತಪ್ಪನ್ನು ಮುಚ್ಚಿಬಿಡುತ್ತದೆ. ಮೊದಲು ಎತ್ತರ ನೋಡಿ, ಆಮೇಲೆ ಎಡ-ಬಲ. ಹೆದೆಯ ಮೇಲೆ ನಾಕ್ ಪಾಯಿಂಟ್ (ನಾಕ್ ಕೂರಿಸುವ ಗುರುತು) ಅನ್ನು ದಾರ ಸುತ್ತಿ ಕಟ್ಟಿದ್ದೆ, ಶೆಲ್ಫಿಗೆ ಸಮ ಇರುವ ಗೆರೆಗಿಂತ 5/8 ಇಂಚು ಮೇಲೆ. ಬೇಕಂತಲೇ ಮೇಲೆ ಶುರು ಮಾಡೋದು, ಯಾಕಂದರೆ ತೀರಾ ಕೆಳಗಿದ್ದರೆ ಬಾಣ ಶೆಲ್ಫಿಗೆ ಬಡಿದು ಪುಟಿದು ಉಲ್ಟಾ ಉತ್ತರ ಕೊಡುತ್ತದೆ. 10 ಮೀಟರ್‌ನಿಂದ ಬಿಟ್ಟಾಗ ಬೋಳು ಬಾಣ ಗರಿ ಬಾಣಕ್ಕಿಂತ ಕೆಳಗೆ ನೆಟ್ಟಿತು. ಅಂದರೆ ನಾಕ್ ಪಾಯಿಂಟ್ ಮೇಲಿದೆ. ಚೂರು ಚೂರೇ ಇಳಿಸಿ ಅರ್ಧ ಇಂಚಿಗೆ ಬಂದಾಗ ಎರಡೂ ಒಂದೇ ಎತ್ತರಕ್ಕೆ ಬಂದವು. ದಾರಕ್ಕೆ ಒಂದು ತೊಟ್ಟು ಫೆವಿಕ್ವಿಕ್ ಹಾಕಿದ್ದು ಆಮೇಲೆ.

ಎಡ-ಬಲದಲ್ಲಿ ಬೋಳು ಬಾಣ ಒಂದು ಗೇಣು ಎಡಕ್ಕೆ ಹೋಗುತ್ತಿತ್ತು. ಬಾಣ ಗಟ್ಟಿ. ಹೊಸ ಬಾಣ ಕೊಳ್ಳೋ ಅಗತ್ಯ ಇಲ್ಲ, ಮೊನೆಯ ತೂಕ ಏರಿಸಿದರೆ ಅದೇ ಬಾಣ ಮೆತ್ತಗೆ ವರ್ತಿಸುತ್ತದೆ. 125 ತೆಗೆದು 175 ಗ್ರೇನ್ ಹಾಕಿದೆ. ಬೋಳು ಬಾಣ ಗರಿ ಬಾಣಗಳ ಪಕ್ಕಕ್ಕೇ ಬಂತು. ಸರಾಫ ಅಂಗಡಿಯಲ್ಲಿ ಮತ್ತೆ ತೂಗಿದರೆ 30 ಗ್ರಾಂ, ಹಳೇ ಬಿಲ್ಲಿಗೆ ಬೇಕಾದ ತೂಕವೂ ಕೂಡಿತು. ಕತ್ತರಿಸಿದ ಬಾಣ ಮತ್ತೆ ಉದ್ದ ಆಗಲ್ಲ, ಗಿಡ್ಡ ಮಾಡಿದರೆ ಇನ್ನೂ ಗಟ್ಟಿಯಾಗುತ್ತದೆ, ಆದ್ದರಿಂದ ಗರಗಸಕ್ಕೆ ಕೊನೆಗೆ ಕೈ ಹಾಕಿ.

ಹೊಲದಲ್ಲಿ

ಗುರಿ ಅಂದರೆ ದಾಲ್ ಮಿಲ್‌ನಿಂದ ತಂದ ಖಾಲಿ ಚೀಲ, ಒಳಗೆ ಹಳೇ ಬಟ್ಟೆ ಮತ್ತು ಪ್ಲಾಸ್ಟಿಕ್ ಕವರ್ ಗಟ್ಟಿಯಾಗಿ ತುಂಬಿದ್ದು. ಹಿಂದೆ ಎರೆ ಮಣ್ಣಿನ ಎತ್ತರದ ಒಡ್ಡು ಇರುವ ಜಾಗ ಆರಿಸಿಕೊಂಡೆ. ನಮ್ಮ ಹೊಲ ಶಹಾಬಾದ್ ಕಡೆ, ಒಂದಡಿ ಅಗೆದರೆ ಕಲ್ಲು. ಗುರಿ ತಪ್ಪಿದ ಬಾಣ ಪರಶಿ ಕಲ್ಲಿಗೆ ತಾಗಿದರೆ ಕಾರ್ಬನ್ ಒಳಗೊಳಗೇ ಸೀಳಿರುತ್ತದೆ. ಅಂಥ ಬಾಣವನ್ನು ಎರಡೂ ತುದಿ ಹಿಡಿದು ಬಗ್ಗಿಸಿ, ಚಿಟಿಚಿಟಿ ಸದ್ದು ಬರುತ್ತಾ ಕೇಳಿ. ಬಂದರೆ ಮುರಿದು ಎಸೆಯಿರಿ. ಸೀಳಿದ ಕಾರ್ಬನ್ ಹೆದೆಯಲ್ಲಿದ್ದಾಗಲೇ ಒಡೆದರೆ ಮುಂಗೈಯೊಳಗೆ ಹೋಗುತ್ತದೆ.

ಪಕ್ಕದ ಹೊಲದವರು ಎರಡು ದಿನ ಬದುವಿನ ಮೇಲೆ ನಿಂತು ನೋಡಿ ಕೊನೆಗೆ ಕೇಳಿಯೇಬಿಟ್ಟರು: "ತೊಗರ್ಯಾಗ ಹಂದಿ ಭಾಳ ಬರ್ತಾವ್ರೀ, ಇದರಿಂದ ಹೊಡೀಲಿಕ್ಕೆ ಬರ್ತದೇನು?" ಬರಲ್ಲ ಕಾಕಾ, 1972ರ ವನ್ಯಜೀವಿ ಕಾಯ್ದೆ ಇದೆ, ಬಿಲ್ಲು ಹಿಡಿದು ಹಂದಿ ಹಿಂದೆ ಹೋದರೆ ಅರಣ್ಯ ಇಲಾಖೆಯವರು ನನ್ನ ಹಿಂದೆ ಬರುತ್ತಾರೆ ಅಂದೆ. ಅವರಿಗೆ ಸಮಾಧಾನ ಆದ ಹಾಗೆ ಕಾಣಲಿಲ್ಲ.

ಬೇಸಿಗೆಗೆ ಒಂದೇ ನಿಯಮ: ಬಿಲ್ಲು ಕಾರಿನಲ್ಲಿ ಉಳಿಯಬಾರದು. ಹೊರಗೆ 42 ಡಿಗ್ರಿ ಇದ್ದಾಗ ಮುಚ್ಚಿದ ಕಾರಿನೊಳಗೆ ಎಷ್ಟಿರುತ್ತದೆ ಅಂತ ಕಲಬುರಗಿಯವರಿಗೆ ಹೇಳಬೇಕಾಗಿಲ್ಲ. ಬೆಳಗ್ಗೆ ಎಂಟರೊಳಗೆ ಆಟ ಮುಗಿಸಿ, ಹೆದೆ ಇಳಿಸಿ, ಒಳಕೋಣೆಯ ಗೋಡೆಯಲ್ಲಿ ಎರಡು ಮರದ ಗೂಟದ ಮೇಲೆ ಅಡ್ಡ ಮಲಗಿಸುತ್ತೇನೆ. ಹೆದೆಯ ಕುಣಿಕೆ ಮೇಲಿನ ಲಿಂಬ್‌ನಲ್ಲೇ ಇರಲಿ, ಪೂರ್ತಿ ತೆಗೆದರೆ ಹುರಿ ಬಿಚ್ಚಿಕೊಂಡು ಬ್ರೇಸ್ ಹೈಟ್ ಮತ್ತೆ ಮೊದಲಿನಿಂದ.

ಮುಂದಿನ ಕೆಲಸ ಮರದ ಬಾಣ. ಸಿಡಾರ್ ಕಡ್ಡಿ ಹೊರಗಿಂದ ತರಿಸಬೇಕು, ಅದರ ಸ್ಪೈನ್ ಅಳೆಯೋಕೆ 26 ಇಂಚು ಅಂತರದ ಆಧಾರ ಮತ್ತು 2 ಪೌಂಡ್ ತೂಕ ಬೇಕು. ಹಲಗೆ ಸಿಕ್ಕಿದೆ, 907 ಗ್ರಾಂ ತೂಗುವ ಕಬ್ಬಿಣದ ತುಂಡನ್ನು ಲೇತ್ ಅಂಗಡಿಯಲ್ಲಿ ಹೇಳಿ ಬಂದಿದ್ದೇನೆ.